ಮೂರನೆಯ ಸುತ್ತು

ರಬ್ಬರ್ ಸುತ್ತಿಗೆಯ ನಾಲ್ಕನೇ ಏಟಿಗೆ ಬೈಕಿನ ಸೈಲೆನ್ಸರ್‌ನ ಮುಚ್ಚಳ ಕಳಚಿಕೊಂಡಿತು. ಒಲಿವೇರಿಯೊ ಕೀಸೆನೊ ಒಳಗಿನ ತೂತುತೂತಿನ ಕೊಳವೆಯನ್ನು ಎಳೆದು, ಸದ್ದು ಹೀರಲೆಂದು ಅದಕ್ಕೆ ಸುತ್ತಿದ್ದ ಗಾಜಿನ ಉಣ್ಣೆಯನ್ನು ಡಾಕ್ಟರರ ಬಿಳಿ ಬೂಟಿನ ಪಕ್ಕದಲ್ಲೇ ಕೊಡವಿದ. ಉಣ್ಣೆ ಅನ್ನುವಂಥದ್ದೇನೂ ಉಳಿದಿರಲಿಲ್ಲ. ಎಣ್ಣೆ ಕುಡಿದ ಕರಿ ಚಿಂದಿ, ಒಂದಿಷ್ಟು ಪುಡಿ.

"ಇದನ್ನ ಬದಲಾಯಿಸಿ ಎಷ್ಟು ವರ್ಷ ಆಯ್ತು ಡಾಕ್ಟ್ರೇ?"

"ಗಾಡಿ ತಗೊಂಡಾಗಿಂದ ಮುಟ್ಟೇ ಇಲ್ಲ. ಸೈಲೆನ್ಸರ್ ಒಳಗೂ ಏನೋ ಇರುತ್ತೆ ಅಂತ ಯಾರಿಗೆ ಗೊತ್ತು?"

ಮೆದೆಯಿನ್ ನಗರದ ಹಲ್ಲಿನ ಡಾಕ್ಟರು ಈತ. ಮೂರು ವರ್ಷ ಹಲ್ಲುಜ್ಜದೆ ಬಂದವನಿಗೆ ಏನೆಂದು ಬೈಯುತ್ತಾನೋ ಏನೋ. ಶುಕ್ರವಾರವಾದರೆ ಸಾಕು, ಇಂಥವರು ಗಾಡಿಗಳನ್ನು ಪಿಕಪ್ಪಿನಲ್ಲಿ ಮಲಗಿಸಿಕೊಂಡು ಬೆಟ್ಟವಿಳಿದು ಸೊಪೆತ್ರಾನ್‌ಗೆ ಬರುತ್ತಿದ್ದರು. ಎದೆಗೆ, ಬೆನ್ನಿಗೆ, ಮಂಡಿಗೆ ಚಿಪ್ಪು ಕಟ್ಟಿಕೊಂಡು ಒಂದು ಹಳ್ಳ ದಾಟುವುದು, ಕೆಸರು ಒಣಗುವ ಮೊದಲೇ ಫೋಟೊ ತೆಗೆಸಿಕೊಳ್ಳುವುದು, ಹುಣಸೆ ಮಿಠಾಯಿ ಕೊಂಡು ಹೆಂಡತಿಯ ಹತ್ತಿರ ವಾಪಸಾಗುವುದು. ಅದರ ಹೆಸರು ಸಾಹಸ.

ಡಾಕ್ಟರು ಫೋನಿನಲ್ಲಿ ಗಿಡ್ಡನೆಯ, ಮಿರುಗುವ ಸೈಲೆನ್ಸರ್ ಒಂದನ್ನು ತೋರಿಸಿದರು. "ಇದನ್ನ ಹಾಕಿಸಿದ್ರೆ ಸೌಂಡ್ ಹೆಂಗಿರುತ್ತೆ?"

"ಹಂದಿ ಕುಯ್ಯೋವಾಗ ಇರುತ್ತಲ್ಲ, ಹಂಗೆ. ಶಕ್ತಿ ಬರಲ್ಲ, ಕಿರುಚಾಟ ಬರುತ್ತೆ. ನೀವು ಕಲ್ಲು ಹತ್ತೋರೋ, ಮದುವೆ ಮೆರವಣಿಗೆಗೆ ಹೋಗೋರೋ? ಕಲ್ಲು ಹತ್ತೋದಾದ್ರೆ ಉದ್ದದ್ದು ತಗೊಳ್ಳಿ. ನಿಧಾನಕ್ಕೆ ಹತ್ತೋವಾಗ ಎಳೆತ ಸಿಗುತ್ತೆ."

ಡಾಕ್ಟರು ಏನೋ ಗೊಣಗಿದರು. ಇತ್ತೀಚೆಗೆ ಪೇಟೆಯವರೆಲ್ಲ ಬಾಯಿ ಬಿಡದೆ ಮಾತಾಡುವುದನ್ನು ಕಲಿತಿದ್ದರು. ಒಲಿವೇರಿಯೊ ಹುಬ್ಬೇರಿಸಿದ.

"ಈ ಜೀರುಂಡೆಗಳ ಕಿರುಚಾಟ ಹೆಂಗೆ ತಡ್ಕೋತೀರಪ್ಪಾ ಅಂದೆ!"

"ಜೀರುಂಡೆನಾ?" ಒಲಿವೇರಿಯೊ ನಕ್ಕುಬಿಟ್ಟ. "ಅವು ಸತ್ತು ಎರಡು ವರ್ಷ ಆಯ್ತು ಡಾಕ್ಟ್ರೇ. ಮಾವಿನ ತೋಟದೋರು ಹೊಡೆಯೋ ಔಷಧಿಗೆ ಒಂದೂ ಉಳಿದಿಲ್ಲ."

ಡಾಕ್ಟರು ಅಂಗಳದ ಹುಣಸೆಮರದ ಕಡೆ ನೋಡಿದರು. ಆಮೇಲೆ ಅವನ ಮುಖವನ್ನು ನೋಡಿದರು.

ಶನಿವಾರ ಮಧ್ಯಾಹ್ನ ಮಗಳು ಮಾಯೆರ್ಲಿ ತನ್ನ ಗಾಡಿಯನ್ನು ತಳ್ಳಿಕೊಂಡು ಒಳಗೆ ಬಂದಳು. ವಾರವಿಡೀ ಮಾವಿನಕಾಯಿ ವಿಂಗಡಿಸುವ ಶೆಡ್ಡಿನಲ್ಲಿ ನಿಂತು, ಸಂಜೆ ಬೆಳಕಿರುವಷ್ಟು ಹೊತ್ತು ನದಿಪಾತ್ರದ ಕಲ್ಲುಗಳ ಮೇಲೆ ಓಡಿಸಿ ಓಡಿಸಿ ಅವಳ ಅಂಗೈ ಅಪ್ಪನದಕ್ಕಿಂತ ಒರಟಾಗಿತ್ತು. ಭಾನುವಾರದ ಓಟದಲ್ಲಿ ಮೊದಲ ಇಬ್ಬರಲ್ಲಿ ಬಂದರೆ ರಾಷ್ಟ್ರೀಯ ಪಂದ್ಯಕ್ಕೆ ಜಾಗ. ಬಾರದಿದ್ದರೆ ಇನ್ನೊಂದು ವರ್ಷ ಮಾವಿನಕಾಯಿ. ಓಟದ ದಾರಿ ಹಾಯುವುದು ದನದ ಜಮೀನುಗಳ ನಡುವೆ. ಹಾಗಾಗಿ ಜಮೀನಿನವರ ಷರತ್ತೊಂದಿತ್ತು: ಹೊರಡುವ ಮುಂಚೆ ಪ್ರತಿ ಗಾಡಿಯ ಸದ್ದನ್ನೂ ಮೀಟರಿನಲ್ಲಿ ಅಳೆಯಬೇಕು, ತೊಂಬತ್ನಾಲ್ಕು ಡೆಸಿಬೆಲ್ ದಾಟಿದರೆ ಗಾಡಿ ಹೊರಗೆ.

ಅವಳು ಒಂದು ಪ್ಯಾಕೆಟ್ ಮುಂದಿಟ್ಟಳು. "ದುವಾನ್ ಕೊಟ್ಟ ಉಣ್ಣೆ. ಅಳತೆಗೆ ಕತ್ತರಿಸಿದ್ದು. ಎರಡೇ ಸುತ್ತು ಸುತ್ತಬೇಕಂತೆ."

"ದುವಾನ್ ಡಬ್ಬಿಯಲ್ಲಿ ಬಂದ ಸಾಮಾನು ಮಾರೋನು. ಅವನಿಗೇನು ಗೊತ್ತು?"

ದುವಾನ್ ಅರೆಯಿಸ ಎಂಟು ವರ್ಷ ಇದೇ ಬೆಂಚಿನ ಮೇಲೆ ಕೆಲಸ ಕಲಿತು, ಚೌಕದ ಬಳಿ ಗಾಜಿನ ಬಾಗಿಲಿನ ಅಂಗಡಿ ತೆರೆದಿದ್ದ. ಒಲಿವೇರಿಯೊನ ಪ್ರಕಾರ ಗಾಜಿನ ಬಾಗಿಲಿನ ಹಿಂದೆ ಕೂತ ಮೆಕ್ಯಾನಿಕ್ ಅಂದರೆ ಅಕ್ವೇರಿಯಮ್ಮಿನ ಮೀನು.

ಅವನು ತನ್ನ ಸುರುಳಿಯಿಂದಲೇ ಉಣ್ಣೆ ಕತ್ತರಿಸಿದ. ಕೈಗವಸು ಹಾಕಲಿಲ್ಲ, ಗಾಜಿನ ಎಳೆ ಚುಚ್ಚಿ ತುರಿಕೆಯಾಗುವುದು ಎಳಸು ಚರ್ಮದವರಿಗೆ. ಕೊಳವೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿದ, ಅದಕ್ಕೆ ಮೊದಲು ಉಕ್ಕಿನ ನಾರು ಸುತ್ತಿದ, ಮೇಲೆ ಉಣ್ಣೆ. ಒಂದು ಸುತ್ತು. ಎರಡು. ತುಸು ಯೋಚಿಸಿ ಮೂರನೆಯದು. ಮೊಣಕಾಲಿನಿಂದ ಒತ್ತಿ, ಟೇಪು ಬಿಗಿದು, ಮೈಭಾರ ಹಾಕಿ ಒಳಕ್ಕೆ ತುರುಕಿದ.

"ಪಪ್ಪಾ, ಇಟ್ಟಿಗೆ ಆಗುತ್ತೆ ಅದು. ಸದ್ದು ಹೀರಲ್ಲ."

"ಸುಮ್ನಿರೇ. ಉಣ್ಣೆ ಜಾಸ್ತಿ ಇದ್ದಷ್ಟೂ ಸದ್ದು ಕಮ್ಮಿ."

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ಹತ್ತು ವರ್ಷದ ಹಿಂದಿನ ಒಲಿವೇರಿಯೊ ಅವನನ್ನು ಅಂಗಳದಿಂದ ಓಡಿಸುತ್ತಿದ್ದ. ಆದರೆ ಎರಡು ಸುತ್ತಿಗೂ ಮೂರು ಸುತ್ತಿಗೂ ಇರುವ ಫರಕು ಈಚೆಗೆ ಅವನ ಕಿವಿಗೆ ಸಿಕ್ಕುತ್ತಿರಲಿಲ್ಲ. ಫರಕು ಸಿಗದ ಕಡೆ ಅವನು ಒಂದು ಸುತ್ತು ಹೆಚ್ಚಿಗೆ ಹಾಕುತ್ತಿದ್ದ.

ರಿವೆಟ್ ಬಡಿದು ಗಾಡಿ ಶುರು ಮಾಡಿದ. ಊರಿಗೆಲ್ಲ ಗೊತ್ತಿದ್ದ ಭಂಗಿ: ಕತ್ತು ವಾರೆ, ಒಂದು ಕೈ ಮೇಲೆ, ಕಣ್ಣು ಮುಚ್ಚಿ. ಆ ಕೈ ಕೆಳಗಿಳಿದರೆ ಕೆಲಸ ಮುಗಿದಂತೆ. ಮೂವತ್ತು ವರ್ಷದಿಂದ ಅದರ ಮೇಲೆ ಯಾರೂ ಮಾತಾಡಿದ್ದಿಲ್ಲ. ಕೈ ಇಳಿಯಿತು.

"ಬೆಣ್ಣೆ," ಎಂದ.

"ಚರಚರ ಅಂತಿದೆ ಪಪ್ಪಾ! ತಗಡು ಹರಿದ ಹಾಗೆ!"

"ಹೆಲ್ಮೆಟ್ ಹಾಕಿ ಹಾಕಿ ನಿನ್ನ ಕಿವಿ ಕೆಟ್ಟಿದೆ."

ಅವಳು ಏನೋ ಹೇಳಿದಳು, ಗೊಣಗಿದಂತೆ. ಇವಳೂ ಕಲಿತಳು, ಅಂದುಕೊಂಡ.

ಭಾನುವಾರ ಬೆಳಿಗ್ಗೆ ಆಟದ ಬಯಲಿನಲ್ಲಿ ಗಾಡಿಗಳ ಸಾಲು. ಮೀಟರು ಹಿಡಿದು ನಿಂತಿದ್ದವನು ದುವಾನ್, ಕ್ಲಬ್ಬಿನ ಅಂಗಿ ತೊಟ್ಟು. ಒಲಿವೇರಿಯೊ ಉಗುಳಿದ. ಕಿವಿಯಿಲ್ಲದವನ ಕೈಗೊಂದು ಮೀಟರಿನ ಡಬ್ಬಿ ಕೊಟ್ಟರೆ ಅವನೂ ಪಂಡಿತ.

ಮಾಯೆರ್ಲಿಯ ಸರದಿ ಬಂತು. ದುವಾನ್ ಸೈಲೆನ್ಸರ್‌ನ ಪಕ್ಕ ಮೊಣಕಾಲೂರಿ ಡಬ್ಬಿಯನ್ನು ಹಿಡಿದ, ತಲೆಯಾಡಿಸಿದ, ಮತ್ತೆ ಹಿಡಿದ.

"ತೊಂಬತ್ತೆಂಟು. ಇಪ್ಪತ್ತು ನಿಮಿಷ ಟೈಮ್ ಇದೆ ಮಾಯೆರ್ಲಿ. ಸರಿ ಮಾಡ್ಕೊಂಡು ಬಾ."

"ಡಬ್ಬಿ ಕೆಟ್ಟಿದೆ," ಎಂದ ಒಲಿವೇರಿಯೊ. "ಅದನ್ನ ಮಾರಿದೋನೂ ನಿನ್ನಂಥೋನೇ ಇರ್ಬೇಕು. ಬೆಣ್ಣೆ ಹಾಗಿದೆ ಗಾಡಿ."

ದುವಾನ್ ಎದ್ದು ನಿಂತ. ಮೇಷ್ಟ್ರೇ ಎನ್ನುವುದನ್ನು ಅವನಿನ್ನೂ ಬಿಟ್ಟಿರಲಿಲ್ಲ. "ಡಬ್ಬಿ ಬಿಡಿ ಮೇಷ್ಟ್ರೇ. ನಿಮ್ಮ ಕಿವಿ ಏನನ್ನುತ್ತೋ ಅದೇ ಆಗ್ಲಿ. ಕೇಳಿ."

ಅವನು ಆಕ್ಸಿಲರೇಟರ್ ತಿರುವಿದ. ಒಲಿವೇರಿಯೊ ಕತ್ತು ವಾರೆ ಮಾಡಿ ಕೈ ಎತ್ತಿದ, ಆದರೆ ಯಾಕೋ ಕಣ್ಣು ಮುಚ್ಚಲಿಲ್ಲ. ಅವನಿಗೆ ಕೇಳಿಸಿದ್ದು ಕೆಳಗಿನ ಒಂದು ದಪ್ಪ ಗುಡುಗುಡು, ಮೆತ್ತಗೆ, ದುಂಡಗೆ. ಅವನಿಗೆ ಕಂಡದ್ದು ಸಾಲಿನಲ್ಲಿ ನಿಂತಿದ್ದ ಮೂವತ್ತು ಮುಖಗಳು. ಅವು ಒಟ್ಟಿಗೆ ಕಿವುಚಿಕೊಂಡವು. ಮಾವಿನಹೋಳು ಮಾರುವ ಹೆಂಗಸು ಉಪ್ಪಿನ ಬಟ್ಟಲು ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ಬೇಲಿಯಾಚೆ ಕಟ್ಟಿದ್ದ ಕತ್ತೆ ಹಗ್ಗ ಜಗ್ಗಿತು. ದುವಾನ್ ಕೈ ಬಿಟ್ಟ. ಮುಖಗಳೆಲ್ಲ ಒಟ್ಟಿಗೇ ಸಡಿಲಾದವು.

ಎತ್ತಿದ ಕೈಯನ್ನು ಏನು ಮಾಡುವುದೆಂದು ಒಲಿವೇರಿಯೊಗೆ ತಿಳಿಯಲಿಲ್ಲ.

ಮಾಯೆರ್ಲಿ ಅಪ್ಪನ ಕಡೆ ನೋಡಲಿಲ್ಲ. ಪಿಕಪ್ಪಿನ ಸೀಟಿನ ಹಿಂದಿನಿಂದ ಟವೆಲ್ಲಿನಲ್ಲಿ ಸುತ್ತಿದ್ದ ಉದ್ದನೆಯದೇನನ್ನೋ ತಂದು ಬಿಚ್ಚಿದಳು. ಉದ್ದದ ಸೈಲೆನ್ಸರ್, ದುವಾನ್‌ನ ಅಂಗಡಿಯದು. ಅವಳು ಅದನ್ನು ನಿನ್ನೆಯೇ ತಂದಿಟ್ಟುಕೊಂಡಿದ್ದಳು. ನೆಲದ ಮೇಲೆ ಕೂತು ಹಿಂದಕ್ಕೆ ಅಂಗೈ ಚಾಚಿದಳು.

"ಎಂಟರ ಸ್ಪ್ಯಾನರ್."

ಒಲಿವೇರಿಯೊ ಕೊಟ್ಟ.

ಹನ್ನೊಂದು ನಿಮಿಷಕ್ಕೆ ಎರಡನೇ ಅಳತೆ. ತೊಂಬತ್ತೆರಡು. ಯಾರೋ ಚಪ್ಪಾಳೆ ತಟ್ಟಿದರು. ಬಾವುಟ ಇಳಿಯಿತು, ಗಾಡಿಗಳು ಒಂದೊಂದಾಗಿ ಧೂಳಿನಲ್ಲಿ ನದಿಯ ಕಡೆ ಹೋದವು. ಅವಳದು ಒಂಬತ್ತನೆಯದು.

ದುವಾನ್ ಹತ್ತಿರ ಬಂದು ಏನೋ ಹೇಳಿದ. ಒಲಿವೇರಿಯೊ ಅವನ ತುಟಿಗಳನ್ನೇ ನೋಡಿದ. ಬಾಯಿ ಚೆನ್ನಾಗಿಯೇ ತೆರೆದಿತ್ತು.

"ಹೋಗೋ," ಎಂದ. "ನಿನ್ನ ಡಬ್ಬಿ ಹಿಡ್ಕೊಂಡು ಹೋಗು."

ಬಿಚ್ಚಿ ಹಾಕಿದ್ದ ಸೈಲೆನ್ಸರ್ ಇನ್ನೂ ಬಿಸಿಯಿತ್ತು. ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಯಲಿನಂಚಿನ ಮರದ ಕೆಳಗೆ ಕೂತ. ಮಾವಿನಹೋಳಿನವಳು ಒಂದು ಕಿವಿಗೆ ಅಂಗೈ ಒತ್ತಿಕೊಂಡು, ತಲೆ ಮೇಲೆತ್ತಿ ಮರವನ್ನು ಶಪಿಸುತ್ತ ತನ್ನ ಕೈಬಂಡಿಯನ್ನು ದೂರಕ್ಕೆ ತಳ್ಳಿಕೊಂಡು ಹೋದಳು. ಅವನೂ ತಲೆಯೆತ್ತಿದ. ತೊಗಟೆಯ ಮೇಲೆ, ಕೈಗೆಟಕುವಷ್ಟು ಹತ್ತಿರದಲ್ಲಿ, ಹೆಬ್ಬೆರಳ ಗಾತ್ರದ ಒಂದು ಜೀರುಂಡೆ. ಅದರ ಮೇಲೊಂದು. ಕೊಂಬೆಯಡಿ ಇನ್ನೂ ನಾಲ್ಕು.

ಅವನು ಎದ್ದು, ಹ್ಯಾಟು ತೆಗೆದು, ಕಿವಿಯನ್ನು ಮರಕ್ಕೆ ತಾಗುವಷ್ಟು ಹತ್ತಿರ ಒಯ್ದ.

"ಜೋರಾಗಿ ಕೂಗೋ, ದರಿದ್ರದವನೇ," ಎಂದ.

ಅದರ ಹೊಟ್ಟೆ ಎಡೆಬಿಡದೆ ನಡುಗುತ್ತಿತ್ತು.