ಎದುರಾಗಕೂಡದು

ಸೊಸೆ ಮುಂಬಾಗಿಲಿನಿಂದ ಒಳಗೆ ಕಾಲಿಟ್ಟದ್ದೇ ತಡ, ತಾಯಿಯ ತಲೆಯ ಬಳಿ ಕೂತಿದ್ದ ಮಗ ಎದ್ದು ಹಿಂಬಾಗಿಲಿನಿಂದ ಹೊರಗೆ ನಡೆದ. ಅವನ ಹಿಂದೆ ಅವನ ಅಕ್ಕ, ಅಕ್ಕನ ಹಿಂದೆ ಭಾವ. ವರದಕ್ಷಿಣೆ ಕಿರುಕುಳದ ಕೇಸಿನಲ್ಲಿ ಮನೆಯವರೆಲ್ಲ ಆರೋಪಿಗಳು. ಎಲ್ಲರಿಗೂ ನಿರೀಕ್ಷಣಾ ಜಾಮೀನು ಸಿಕ್ಕಿತ್ತು. ದೂರು ಕೊಟ್ಟವಳಿಗೆ ಎದುರಾಗಕೂಡದು ಎಂಬುದು ಷರತ್ತು. ಎರಡನೆಯ ಆರೋಪಿ ಮಾತ್ರ ಏಳಲಿಲ್ಲ. ಬೆಳಗಿನ ಜಾವ ತೀರಿಕೊಂಡ ಆಕೆ ಕುತ್ತಿಗೆವರೆಗೆ ಹೊದ್ದು, ಯಾವ ಷರತ್ತಿಗೂ ಸಿಗದ ಹಾಗೆ ಮಂಚದ ಮೇಲೆ ಮಲಗಿದ್ದಳು.

"ಬಂದೆಯಾ" ಅಂದ ದರ್ಜಿ. ಅತ್ತೆ ಇಷ್ಟು ವರ್ಷ ಅವನ ಅಂಗಡಿಯ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿದವಳು. "ಒಳ್ಳೇದಾಯ್ತು. ಆದ್ರೆ ಬೇಗ ನೋಡ್ಕೊಂಡ್ಬಿಡು ತಾಯಿ. ನೀನಿರೋವರೆಗೂ ಅವ್ರು ಒಳಗೆ ಬರೋ ಹಾಗಿಲ್ಲ."

ಅವಳು ಮಂಚದ ಪಕ್ಕ ಕೂತಳು. ನಿಮ್ಮ ಹೆಸರು ನಾನು ಹೇಳಿದ್ದಲ್ಲ ಅತ್ತೆ. ಇಷ್ಟನ್ನೇ ಹೇಳಿ ಹೋಗಲು ಬಂದಿದ್ದಳು. ದಾರಿಯುದ್ದಕ್ಕೂ ಸಲೀಸಾಗಿದ್ದ ಮಾತು; ಆ ಮುಖದೆದುರು ಅದರ ಬದಲು ಹೊದಿಕೆಯ ಅಂಚು ಸರಿಮಾಡಿದಳು. ಹೇಳಿದ್ದು ಅವಳ ಅಣ್ಣ, ನಿಜ. ಸಹಿ ಅವಳದೇ.

*

"ಅತ್ತೆ ಏನ್ ಮಾಡ್ತಿದ್ರು?" ಎಂದು ಕೇಳಿದ್ದ, ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದವನು.

"ಏನೂ ಇಲ್ಲ. ನಿಮ್ಮಪ್ಪ ಸ್ಕೂಟರ್ ಯಾವಾಗ ಕೊಡ್ತಾನೆ ಅಂತ ನಮ್ಮ ಯಜಮಾನ್ರು ನನ್ನ ಮೆಟ್ಟಿಲಿಗೆ ನೂಕಿ ಬಾಗಿಲು ಹಾಕೋವಾಗೆಲ್ಲ ಅತ್ತೆ ಹೊಲಿಗೆ ಮಿಷನ್ ತುಳೀತಿದ್ರು. ಬಟ್ಟೆ ಇರ್ಲಿ, ಇಲ್ದಿರ್ಲಿ. ಜೋರಾಗಿ."

"ಅದನ್ನ ಹೇಗಮ್ಮಾ ಬರೆಯೋದು?"

ಅಣ್ಣ ದಾರಿ ತೋರಿಸಿದ. "ಕುಮ್ಮಕ್ಕು ಕೊಟ್ರು ಅಂತ ಬರ್ಕೊಳ್ಳಿ ಸಾರ್. ಅತ್ತೆ ಇಲ್ದಿದ್ರೆ ಕೇಸಿಗೆ ತೂಕ ಎಲ್ಲಿಂದ ಬರ್ಬೇಕು?"

"ಬಾಗಿಲು ತೆಗೀತಿದ್ದದ್ದೂ ಅವ್ರೇ ಅಣ್ಣ."

"ಯಾವಾಗ?"

"ಇವ್ರು ಮಲಗಿದ್ಮೇಲೆ."

"ನೋಡಿದ್ರಾ ಸಾರ್, ಅಷ್ಟು ಹೊತ್ತು ಬಿಟ್ಟು."

ಅವಳು ಸಹಿ ಹಾಕಿದಳು. ಜಾಮೀನು ಸಿಗುವವರೆಗೆ ಅತ್ತೆ ಯಾರೋ ನೆಂಟರ ಮನೆಯ ಉಗ್ರಾಣದಲ್ಲಿ ಚಿಲಕ ಹಾಕಿಕೊಂಡು, ಕೆಮ್ಮು ಬಂದರೆ ದಿಂಬಿಗೆ ಬಾಯಿಟ್ಟು ಕೂತಿದ್ದಳಂತೆ. ಈ ಸುದ್ದಿ ತಂದವನು ದರ್ಜಿ.

*

"ಹಿಡಿಯೋರು ಯಾರ್ರೀ?" ಶವದ ವ್ಯಾನಿನ ಡ್ರೈವರ್ ಸ್ಟ್ರೆಚರ್ ತಂದಿಟ್ಟು ಕೇಳಿದ. "ನಾನು ಇನ್ನೊಂದು ಕಡೆ ಹೋಗ್ಬೇಕು."

ಅಕ್ಕಪಕ್ಕದವರು, ಎಲ್ಲಿ ಸಾಕ್ಷಿಗೆ ಕರೆದಾರೋ ಎಂದು, ಕಿಟಕಿ ಬಿಟ್ಟು ಕದಲಿರಲಿಲ್ಲ. ದರ್ಜಿ ಹಿತ್ತಿಲಿಗೆ ಹೋಗಿ ಬಂದ.

"ನಿನ್ನ ಗಂಡ ಲಾಯರಿಗೆ ಫೋನ್ ಮಾಡಿದಾನೆ. ಅಭ್ಯಂತರ ಇಲ್ಲ ಅಂತ ನೀನು ಬರೆದುಕೊಟ್ರೆ ಒಳಗೆ ಬರಬಹುದಂತೆ."

"ಕೊಡ್ತೀನಿ."

"ಒಂದಕ್ಷರ ಬರೆದೀಯ, ಹುಷಾರು" ಅಂದ, ಅವಳ ಜೊತೆ ಬಂದು ಹೊಸ್ತಿಲಾಚೆಯೇ ನಿಂತಿದ್ದ ಅಣ್ಣ. "ನಮ್ಮ ಲಾಯರು ಹೇಳಿಲ್ವಾ? ಅದನ್ನೇ ಹಿಡ್ಕೊಂಡು ಕೇಸು ಮಡಚಿಡ್ತಾರೆ."

"ಹಾಗಾದ್ರೆ ನೀನೇ ಒಂದು ಕೈ ಹಾಕಪ್ಪ" ಎಂದ ದರ್ಜಿ.

"ನಾನ್ಯಾಕೆ ಹಾಕ್ಲಿ? ಆರೋಪಿ ರೀ ಅವ್ರು."

"ಭೇಷ್. ಒಬ್ಬ ಲಾಯರು ಬರೆಸು ಅಂತಾನೆ, ಇನ್ನೊಬ್ಬ ಬರೀಬೇಡ ಅಂತಾನೆ. ನಡುವೆ ಈಯಮ್ಮ ವಾಯಿದೆ ಮೇಲೆ ವಾಯಿದೆ ತಗೊಂಡು ಮಲಗಿರ್ಬೇಕು."

ಸೊಸೆ ಎದ್ದು ಸೆರಗು ಸಿಕ್ಕಿಸಿದಳು. ಅತ್ತೆಯ ಕಾಲ ಬಳಿ ಒಂದು ಬದಿ ತಾನು ಹಿಡಿದಳು, ಇನ್ನೊಂದು ಬದಿ ದರ್ಜಿ. ತಲೆಯ ಕಡೆ ಡ್ರೈವರ್ ಒಬ್ಬನೇ. ಇಷ್ಟು ಸಣ್ಣ ಹೆಂಗಸು ಇಷ್ಟು ಭಾರವಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಹೇಳಲು ಬಂದ ಮಾತು ಹೇಳಬೇಕೆಂದರೆ ಈಗ ಅವಳಿಗೆ ಉಸಿರೂ ಸಾಲುತ್ತಿರಲಿಲ್ಲ.

ಕಾಲು ಮುಂದಾಗಿ ಹೊರಬಂದರು. ಮಗ ಹಿತ್ತಿಲಿನಿಂದ ಸುತ್ತಿ ಬೀದಿಗೆ ಬಂದಿದ್ದ. ತಾಯಿಯ ಮುಖ ಕಂಡದ್ದೇ ಎರಡು ಹೆಜ್ಜೆ ಓಡಿ ಬಂದವನು, ಹೆಂಡತಿಯನ್ನು ಕಂಡು ನಿಂತ.

"ಬರ್ಲಿ ಬರ್ಲಿ" ಎನ್ನುತ್ತ ಅಣ್ಣ ಮೊಬೈಲ್ ಎತ್ತಿ ಹಿಡಿದ. "ಷರತ್ತು ಎಷ್ಟು ಚೆನ್ನಾಗಿ ಪಾಲಿಸ್ತಾನೆ, ಕೋರ್ಟೂ ನೋಡ್ಲಿ."

"ಇಳಿಸಣ್ಣ ಅದನ್ನ" ಎಂದಳು ಸೊಸೆ. ಅವನು ಇಳಿಸಲಿಲ್ಲ.

ಅವಳು ಒಂದು ಹೆಜ್ಜೆ ಮುಂದಿಟ್ಟರೆ ಮಗ ಒಂದು ಹೆಜ್ಜೆ ಹಿಂದೆ. ತಾಯಿಯ ಮುಖದಿಂದ ಕಣ್ಣು ತೆಗೆಯದೆ, ಎಡವುತ್ತ, ಕೈ ಬೆನ್ನ ಹಿಂದೆ ತಡಕುತ್ತ ಬೀದಿಯುದ್ದಕ್ಕೂ ಹಿಂದೆ ಹಿಂದೆ ಸರಿದ. ಕೊನೆಗೆ ವ್ಯಾನಿನ ತೆರೆದ ಹಿಂಬದಿ ಅವನ ಬೆನ್ನಿಗೆ ತಾಗಿತು. ಅವನು ನಿಂತ. ಅವಳೂ, ಬೆರಳು ಜಾರುತ್ತಿದ್ದರೂ, ಭಾರ ಹಿಡಿದುಕೊಂಡೇ ನಿಂತಳು.