ತೊಂಬತ್ತೊಂದರ ಹೊಟ್ಟೆಯಲ್ಲಿ

ನನ್ನ ಗಂಡನಿಗೆ ತಾಳ ಬಾರಿಸುವುದೆಂದರೆ ಪ್ರಾಣ. ಏನು ಮಾಡುವುದು, ಎಲ್ಲರ ತಾಳ ಮುಗಿದ ಮೇಲೆಯೇ ಅವರದು ಝಣ್ ಎನ್ನುವುದು. ನಮ್ಮ ಸೋಪಿನ ಕಾರ್ಖಾನೆಯ ಬ್ಯಾಂಡಿನಲ್ಲಿ ಅವರಿಗೆ ನಿಧಾನಪ್ಪ ಎಂದೇ ಹೆಸರು. ಅದಕ್ಕೆ ಅವರು ಸಿಟ್ಟಾಗುವುದಿಲ್ಲ. ಆ ಕೆಲಸ ನನ್ನದು.

ನಾಳೆ ಕಾರ್ಖಾನೆಯ ವಾರ್ಷಿಕೋತ್ಸವದ ಮೆರವಣಿಗೆ ಎನ್ನುವಾಗ ಅಂಗಳದಲ್ಲಿ ಕೊನೆಯ ಅಭ್ಯಾಸ ನಡೆದಿತ್ತು. ಬ್ಯಾಂಡ್ ಮಾಸ್ಟರು ಬಾಯ್ಲರ್ ನೋಡಿಕೊಳ್ಳುವವರು, ಸಾಲಿನ ವಿಷಯದಲ್ಲಿ ಬಲು ಹಟಮಾರಿ. ಎಲ್ಲ ಸಾಲಿನಲ್ಲೂ ಸಮನಾಗಿ ಜನ ಇರಬೇಕು, ಹಿಂದಿನ ಸಾಲು ಬೋಳುಬೋಳಾಗಿ ಕಾಣಬಾರದು. ಗೇಟಿನಲ್ಲಿ ಅಕ್ಕಪಕ್ಕ ಎಂಟು ಜನಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಅವರ ಹಿಂದೆ ನಿಂತವರು ತೊಂಬತ್ತೊಂದು ಮಂದಿ.

"ಕೊನೇ ಅಂಕಿ ಒಂದು. ಎರಡರಿಂದಲೂ ಹೋಗಲ್ಲ, ಐದರಿಂದಲೂ ಹೋಗಲ್ಲ" ಎಂದರು ಮಾಸ್ಟರು. "ಒಂಬತ್ತೂ ಒಂದೂ ಕೂಡಿದ್ರೆ ಹತ್ತು, ಮೂರರಿಂದಲೂ ಹೋಗಲ್ಲ. ಇದು ಒಡೆಯೋ ಸಂಖ್ಯೆನೇ ಅಲ್ಲ. ಒಬ್ರು ಇಳೀಬೇಕು. ತೊಂಬತ್ತಾದ್ರೆ ಆರಾರು ಜನ ನಿಲ್ಲಿಸ್ತೀನಿ."

ಯಾರು ಇಳಿಯಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನವರು ನಗುನಗುತ್ತಲೇ ತಾಳದ ಪಟ್ಟಿ ಬಿಚ್ಚತೊಡಗಿದರು. ಮನೆಯಲ್ಲಿ ಪಾತ್ರೆ ಮುಚ್ಚಳ ಹಿಡಿದು ಅಭ್ಯಾಸ ಮಾಡಿ, ಒಂದು ಮುಚ್ಚಳವನ್ನೂ ನೆಟ್ಟಗೆ ಉಳಿಸದ ಮನುಷ್ಯ! ಆ ನಗು ನೋಡಿ ನನಗೆ ಸಿಟ್ಟು ಬಂತು. ಮೆಟ್ಟಿಲ ಮೇಲೆ ಕೂತವಳು ಎದ್ದು ನಡುವೆ ಹೋಗಿ ನಿಂತೆ.

"ಮಾಸ್ಟ್ರೇ, ಏಳರಿಂದ ನೋಡಿದ್ರಾ?"

"ಏಳಕ್ಕೆ ಸುಲಭದ ಉಪಾಯ ಇಲ್ವಲ್ಲಮ್ಮ."

"ಉಪಾಯ ಇಲ್ಲ ಅಂತ ಏಳನ್ನೇ ಬಿಟ್ಟುಬಿಟ್ರಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಕೂತು ಭಾಗಿಸಿ."

ಎಲ್ಲರೂ ಗೊಳ್ಳೆಂದು ನಕ್ಕರು. ಮಾಸ್ಟರು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. ಏಳು ಹತ್ತಲಿ ಎಪ್ಪತ್ತು, ಉಳಿದದ್ದು ಇಪ್ಪತ್ತೊಂದು, ಅದು ಏಳು ಮೂರಲಿ. ಏಳೇಳು ಜನರ ಹದಿಮೂರು ಸಾಲು! ನನ್ನವರು ಪಟ್ಟಿಯನ್ನು ಮತ್ತೆ ಬಿಗಿದುಕೊಂಡರು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಜಾಗ ಸಿಗುತ್ತದೆಂದು ಕೇಳಿ ಲೋಡಿಂಗ್ ವಿಭಾಗದ ಆರು ಜನ ಪೀಪಿ, ಡೋಲು ಹಿಡಿದು ಓಡಿಬಂದರು. ಈಗ ತೊಂಬತ್ತೇಳು. ಈ ಸಲ ಮಾಸ್ಟರು ಏಳನ್ನು ಬಿಡಲಿಲ್ಲ. ಎರಡು, ಮೂರು, ಐದು, ಏಳು, ಆ ಸಂಖ್ಯೆ ಯಾವುದಕ್ಕೂ ಬಗ್ಗಲಿಲ್ಲ.

"ನಾಲ್ಕು? ಎಂಟು?" ಎಂದರು ಯಾರೋ.

"ಅವುಗಳ ಹೊಟ್ಟೇಲಿರೋದೂ ಎರಡೇ. ಎರಡಕ್ಕೇ ಬಗ್ಗದ್ದು ಅವಕ್ಕೆ ಬಗ್ಗುತ್ತಾ? ಆರೂ ಅಷ್ಟೇ. ಇದು ನಿಜವಾಗ್ಲೂ ಒಡೆಯಲ್ಲ" ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನನ್ನವರ ಕೈ ಆಗಲೇ ಪಟ್ಟಿಯ ಮೇಲಿತ್ತು.

"ಏಯ್ ನಿಧಾನಪ್ಪ, ಅದನ್ನ ಮುಟ್ಬೇಡಿ!" ಮಾಸ್ಟರು ಗದರಿದರು. "ಒಬ್ರನ್ನ ತೆಗೆಯೋದೇ ಯಾಕೆ? ಸೇರಿಸಿದ್ರೂ ಆಯ್ತಲ್ಲ. ತೊಂಬತ್ತೆಂಟರ ಹೊಟ್ಟೇಲಿರೋದು ಎರಡು, ಏಳು, ಮತ್ತೊಂದು ಏಳು. ಏಳೇಳು ಜನರ ಹದಿನಾಲ್ಕು ಸಾಲು." ನನ್ನ ಕಡೆ ತಿರುಗಿ ಒಂದು ಗಿಲಕಿ ಚಾಚಿದರು. "ಬಾಯಿ ಮಾಡಿದವರೇ ಬನ್ನಿ."

ಮರುದಿನ ಗೇಟು ದಾಟುವಾಗ ಹೆದರಿಕೆಗೆ ನನ್ನ ಕೈಯೇ ಆಡಲಿಲ್ಲ. ಎಲ್ಲರ ತಾಳವೂ ಮುಗಿಯಿತು. ಪಕ್ಕದಲ್ಲಿ ನನ್ನವರು ತಾಳ ಎತ್ತಿಹಿಡಿದು ನನಗಾಗಿ ಕಾಯುತ್ತಿದ್ದರು. ಇಬ್ಬರೂ ಒಟ್ಟಿಗೇ ತಡವಾಗಿ ಬಾರಿಸಿದೆವು.