ಕುದುರೆ ಮನೆ ಮುಟ್ಟಿದ ಕಾಲಾಳು

ನನ್ನ ಹೆಂಡತಿ ಗಂಗಾಂಬಿಕಾಗೆ ಚದುರಂಗ ಕಲಿಸಿದ್ದು ಉಚ್ಚಂಗಿದುರ್ಗದ ಅವಳಜ್ಜಿ ಶಿವಬಸಮ್ಮ. ಅಜ್ಜಿಯ ಆಟದಲ್ಲಿ ಕಾಲಾಳು ಎದುರಿನ ಕೊನೆ ಮುಟ್ಟಿದರೆ, ಯಾವ ಕಾಯಿಯ ಮನೆ ಮುಟ್ಟಿತೋ ಆ ಕಾಯಿಯೇ ಆಗಬೇಕು. ಆನೆ ಮನೆಯಲ್ಲಿ ಆನೆ, ಕುದುರೆ ಮನೆಯಲ್ಲಿ ಕುದುರೆ. ಟೂರ್ನಮೆಂಟಿನಲ್ಲಿ ಆ ಕಟ್ಟಳೆ ಇಲ್ಲ, ಎಲ್ಲಿ ಮುಟ್ಟಿದರೂ ಬೇಕಾದ ಕಾಯಿ ಮಾಡಿಕೊಳ್ಳಬಹುದು. ಎಲ್ಲರೂ ಮಂತ್ರಿಯನ್ನೇ ಮಾಡಿಕೊಳ್ಳುತ್ತಾರೆ, ಅದಕ್ಕಿಂತ ಬಲದ ಕಾಯಿ ಇಲ್ಲವಲ್ಲ.

ಹೋದ ವರ್ಷ ಹಡಗಲಿಯ ಟೂರ್ನಮೆಂಟಿನಲ್ಲಿ, ಗೆಲ್ಲುವ ಆಟದಲ್ಲಿ, ಕಾಲಾಳು ಕುದುರೆ ಮನೆ ಮುಟ್ಟಿದಾಗ ಇವಳ ಕೈ ಹಳೇ ರೂಢಿಯಂತೆ ಕುದುರೆ ಇಟ್ಟುಬಿಟ್ಟಿತು. ಸೋತಳು. ಗೆದ್ದ ದಾವಣಗೆರೆಯ ಶಿವಶಂಕರ ರೇಟಿಂಗಿನಲ್ಲಿ ಇವಳಿಗಿಂತ ಬಹಳ ಮೇಲಿನವನು. ಊಟದ ಸಾಲಿನಲ್ಲಿ ನಿಂತು ‘ಕುದುರೆ ಟೀಚರ್’ ಎಂದು ಹೆಸರಿಟ್ಟ. ಕೊಟ್ಟೂರಿನಲ್ಲಿ ಇವಳು ಪಾಠ ಮಾಡುವ ಶಾಲೆಯವರೆಗೂ ಆ ಹೆಸರು ಬಂತು. ನನಗೆ ಮೈಯೆಲ್ಲ ಉರಿಯಿತು.

“ಆ ಹೆಸರು ಹೋಗೋ ತನಕ ನಾನು ಆಟ ಬಿಡಂಗಿಲ್ರಿ,” ಅಂದಳು ಅವಳು.

ಈ ಸಲ ಹಗರಿಬೊಮ್ಮನಹಳ್ಳಿ. ಕಲ್ಯಾಣ ಮಂಟಪದಲ್ಲಿ ಕೊನೆಯ ಸುತ್ತು, ಗೆದ್ದವರಿಗೆ ಮೊದಲ ಬಹುಮಾನ. ಎದುರಿಗೆ ಮತ್ತೆ ಅದೇ ಶಿವಶಂಕರ. ನಾನು ಹಗ್ಗದಾಚೆ ನಿಂತು ನೋಡುತ್ತಿದ್ದೆ. ಅವಳ ಕಾಲಾಳು ಕೊನೆ ಮುಟ್ಟಿತು, ಅದೂ ಕುದುರೆ ಮನೆಯಲ್ಲೇ! ಅವಳ ಕೈ ಬೋರ್ಡಿನ ಪಕ್ಕದ ಕಾಯಿಗಳ ಕಡೆ ಹೋಯಿತು. ಮಂತ್ರಿಯನ್ನು ದಾಟಿ ಕುದುರೆಯನ್ನು ಎತ್ತಿ ಇಟ್ಟಿತು.

ಅಲ್ಲಿ ಮಾತಾಡುವಂತಿಲ್ಲ, ಮಾತಾಡುವಂತಿದ್ದರೆ ಬೈದೇಬಿಡುತ್ತಿದ್ದೆ. ಶಿವಶಂಕರ ಪಕ್ಕದ ಬೋರ್ಡಿನವರನ್ನು ನೋಡಿ ಮೀಸೆಯಡಿಯಲ್ಲೇ ನಕ್ಕ.

ಆಮೇಲೆ ತನ್ನ ಬೋರ್ಡು ನೋಡಿದ. ಕುದುರೆ ಅವನ ರಾಜನಿಗೆ ಚೆಕ್ ಕೊಟ್ಟಿತ್ತು. ಅದೇ ಕುದುರೆಯ ಹೊಡೆತಕ್ಕೆ ಅವನ ಮಂತ್ರಿಯೂ ಸಿಕ್ಕಿತ್ತು. ರಾಜನನ್ನು ಸರಿಸಿದರೆ ಮಂತ್ರಿ ಹೋಯಿತು. ಇವಳೇನಾದರೂ ಮಂತ್ರಿ ಮಾಡಿಕೊಂಡಿದ್ದರೆ ಮುಂದಿನ ನಡೆಗೆ ಇವಳ ರಾಜನೇ ಮುಗಿಯುತ್ತಿದ್ದ. ಶಿವಶಂಕರ ತಲೆ ಹಿಡಿದು ಬಹಳ ಹೊತ್ತು ಕೂತ. ಕೊನೆಗೆ ಸೋತೆನೆಂದು ಕೈ ಚಾಚಿದ.

“ಬೇಕಂತನ ಇಟ್ರೇನ್ರಿ, ಟೀಚರ್?”

“ಈ ಸಲ ಬೇಕಂತನ ಇಟ್ಟೀನ್ರಿ.”

ಬಹುಮಾನಕ್ಕೆ ಅವಳು ವೇದಿಕೆ ಹತ್ತುವಾಗ ‘ಕುದುರೆ ಟೀಚರ್!’ ಎಂದು ಮೊದಲು ಕೂಗಿದವನು ನಾನೇ. ಮಂಟಪಕ್ಕೆ ಮಂಟಪವೇ ಕೂಗಿತು. ಅವಳು ನನ್ನತ್ತ ನೋಡಿ ನಕ್ಕಳು. ನನ್ನ ಹೆಂಡತಿ ಎಂದು ಎಲ್ಲರಿಗೂ ಕೈ ಮಾಡಿ ತೋರಿಸಬೇಕು ಅನ್ನಿಸಿತು, ತೋರಿಸಿದೆ ಕೂಡ.

ಹೊರಗೆ ಬಂದವನೇ ಉಚ್ಚಂಗಿದುರ್ಗಕ್ಕೆ ಫೋನ್ ಹಚ್ಚಿದೆ. “ಅಜ್ಜಿ, ನಿಮ್ಮ ಮೊಮ್ಮಗಳು ಫಸ್ಟ್ ಬಂದಾಳ! ಕುದುರಿ ಮನ್ಯಾಗ ಕುದುರಿ ಇಟ್ಟು ಗೆದ್ದಾಳ!”

ಅಜ್ಜಿ ಕೇಳಿದಳು:

“ಕುದುರಿ ಮನ್ಯಾಗ ಕುದುರಿ ಅಲ್ದ ಮತ್ತೇನಿಡ್ತಾರಪ್ಪಾ? ಅದಕ್ಕೂ ಬಹುಮಾನ ಕೊಡ್ತಾರೇನು?”